ಹನ್ನೊಂದನೆಯ ನಿಯಮ ಮತ್ತು ಒಂದು ಇಡೀ ಕುಂಬಳಕಾಯಿ

ಮನೆಯಲ್ಲಿ ಬ್ರೆಡ್ ಮಾಡುವುದನ್ನು ಕಲಿಸುವ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ನಮ್ಮ ಇಲಾಖೆ ಒಂದು ಕೈಪಿಡಿ ಕೊಡುತ್ತದೆ. ಅದರಲ್ಲಿ ಓವನ್ನಿನ ಉಷ್ಣಾಂಶವಿದೆ, ಹಿಟ್ಟಿನ ಅಳತೆಯಿದೆ, ಶಿಕ್ಷಕರು ಉಗುರು ಎಷ್ಟು ಬೆಳೆಸಬಹುದು ಎಂಬುದೂ ಇದೆ. ಆ ಕೈಪಿಡಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬರೆದವನು ನಾನೇ. ಆದ್ದರಿಂದ ಅದರಲ್ಲಿ ಏನಿಲ್ಲ ಎಂಬುದನ್ನು ಹೇಳುವ ಅಧಿಕಾರವೂ ನನಗಿದೆ ಎಂದು ವಿನಯಪೂರ್ವಕವಾಗಿ ನಂಬಿದ್ದೇನೆ.

ಹರಿಹರದ ಮಹಿಳಾ ತರಬೇತಿ ಕೇಂದ್ರದಲ್ಲಿ ಇಪ್ಪತ್ತಾರು ವರ್ಷ ಕಲಿಸಿ, ಮೊನ್ನೆಮೊನ್ನೆ ನಿವೃತ್ತನಾದೆ. ಬಡ್ತಿಗಳ ವಿಷಯ ಬರೆಯುವುದಿಲ್ಲ. ಒಂದೇ ಒಂದು ಬಂದಿತ್ತು; ಅದರಿಂದ ನನ್ನ ಕುರ್ಚಿಗೆ ಕೈಗಳು ಬಂದವು, ಅಷ್ಟೆ. ಬರೆಯಬೇಕಾದದ್ದು ನಾನು ಪರೀಕ್ಷಕನಾಗಿ ಕುಳಿತ ಕೊನೆಯ ಪರೀಕ್ಷೆಯ ಬಗ್ಗೆ. ಆ ದಿನ ದಾವಣಗೆರೆಯ ಒಂದು ಅಡಿಗೆಮನೆಯಲ್ಲಿ ರೇಣುಕಾ ಎಂಬ ಹೆಣ್ಣುಮಗಳ ಕೆಲಸವೂ ನಮ್ಮ ಕೇಂದ್ರದ ಬಾಗಿಲೂ ಒಂದು ಕುಂಬಳಕಾಯಿಯ ಮೇಲೆ ನಿಂತಿದ್ದವು. ಅದು ಅರ್ಥವಾಗಬೇಕಾದರೆ ಮೊದಲು ಒಂದೆರಡು ಹಳೆಯ ಅಪರಾಧಗಳನ್ನು ಒಪ್ಪಿಕೊಳ್ಳಬೇಕು.

ನಮ್ಮ ಪಠ್ಯದ ರಾಜಮಾನ್ಯ ವಸ್ತು ಮಸಾಲೆ ಕುಂಬಳ ಬ್ರೆಡ್. ಅದಕ್ಕೆ ಯೀಸ್ಟ್ ಇಲ್ಲ, ಮೊಟ್ಟೆ ಇಲ್ಲ. ಮೊಟ್ಟೆ ಎಂದು ಹಲಗೆಯ ಮೇಲೆ ಬರೆದರೆ ಸಾಕು, ಮರುದಿನ ಅರ್ಧ ತರಗತಿ ಖಾಲಿಯಾಗುತ್ತಿತ್ತು. ತುರಿದ ಸಿಹಿಗುಂಬಳ, ಬೆಲ್ಲ, ಗೋಧಿ ಹಿಟ್ಟು, ಹುಳಿ ಮೊಸರು, ಅಡಿಗೆ ಸೋಡಾ. ಮೇಲೆ ಚಕ್ಕೆ, ಲವಂಗ, ಒಣಶುಂಠಿ, ಚೂರು ಜಾಯಿಕಾಯಿ. ಮೊಸರಿಗೂ ಸೋಡಾಕ್ಕೂ ಭೇಟಿಯಾದ ಗಳಿಗೆಯಿಂದ ಹಿಟ್ಟು ಉಸಿರಾಡಲು ಶುರುಮಾಡುತ್ತದೆ. ಆ ಉಸಿರು ನಿಲ್ಲುವುದರೊಳಗೆ ಓವನ್ನಿಗೆ ಹೋಗಬೇಕು. ಕಲಸಿ ಇಡುವಂತಿಲ್ಲ, ಮಾತಾಡುತ್ತ ನಿಲ್ಲುವಂತಿಲ್ಲ.

ಇದನ್ನು ಮೊದಲ ತಂಡಕ್ಕೆ ನಾನು ಹೇಳಲು ಮರೆತೆ. ಸಂಜೆ ಕರೆಂಟು ಹೋಯಿತು. ‘ಹಿಟ್ಟು ಕಲಸಿಡ್ರಿ, ನಾಳೆ ನೋಡೋಣ’ ಎಂದು ಹೊರಟುಬಿಟ್ಟೆ. ಬೆಳಿಗ್ಗೆ ಬಂದರೆ ಹದಿನಾಲ್ಕು ಪಾತ್ರೆಗಳು ಸಾಲಾಗಿ, ಬಟ್ಟೆ ಮುಚ್ಚಿಕೊಂಡು, ಮೂಲೆಯಲ್ಲಿ ನಿದ್ದೆ ಮಾಡುತ್ತಿವೆ.

“ಹಿಟ್ಟು ಅಂದಮ್ಯಾಲೆ ರಾತ್ರಿ ಮಲಗಬೇಕಲ್ರಿ ಸರ್,” ಎಂದಳು ಒಬ್ಬಳು. “ದೋಸೆ ಹಿಟ್ಟು ಮಲಗತೈತೆ, ಇಡ್ಲಿ ಹಿಟ್ಟು ಮಲಗತೈತೆ. ಇದೇನು ಇಂಗ್ಲಿಷ್ ಓದೈತೇನು?”

ಆ ದಿನ ಓವನ್ನಿನಿಂದ ಹೊರಬಂದ ಹದಿನಾಲ್ಕು ವಸ್ತುಗಳಲ್ಲಿ ಒಂದನ್ನು ನೀರಿನ ಹಂಡೆಯ ಬುಡಕ್ಕೆ ಕೊಟ್ಟು ಅದು ಓಲಾಡದಂತೆ ಮಾಡಿದೆವು. ಉಳಿದವುಗಳ ಬಗ್ಗೆ ಇಲಾಖೆಗೆ ವರದಿ ಹೋಗಲಿಲ್ಲ.

ಮೇಲಧಿಕಾರಿಗಳಲ್ಲಿ ಒಬ್ಬರು ಬಂದು, ಚೆನ್ನಾಗಿ ಉಬ್ಬಿದ ಬ್ರೆಡ್ಡನ್ನು ತಿಂದು, ಗಂಭೀರವಾಗಿ “ಇದಕ್ಕೆ ಚಟ್ನಿ ಎಲ್ಲಿ?” ಎಂದು ಕೇಳಿದರು. ಇಲ್ಲವೆಂದಾಗ ಸುತ್ತೋಲೆ ಹೊರಡಿಸಿದರು. ಅವರು ವರ್ಗವಾಗುವವರೆಗೂ ನಮ್ಮ ಪಠ್ಯದಲ್ಲಿ ಬೆಲ್ಲದ ಬ್ರೆಡ್ಡಿನ ಜೊತೆ ಶೇಂಗಾ ಚಟ್ನಿ ಕಡ್ಡಾಯವಾಗಿತ್ತು. ನಾನು ಅದನ್ನೂ ಅಷ್ಟೇ ಗಂಭೀರವಾಗಿ ಕಲಿಸಿದೆ. ವಿಧಾನಗಳೂ ಬದಲಾದವು. ಮೊದಲು ಅಲ್ಯೂಮಿನಿಯಂ ಬೋಗುಣಿಯಲ್ಲಿ ಉಪ್ಪು ಹಾಸಿ ಗ್ಯಾಸಿನ ಮೇಲೆ. ಆಮೇಲೆ ದುಂಡನೆಯ ಓವನ್, ಮುಟ್ಟಿದರೆ ಜುಮ್ಮೆನಿಸುತ್ತಿತ್ತು, ಬರಿಗಾಲಲ್ಲಿ ಯಾರೂ ಹತ್ತಿರ ಹೋಗುತ್ತಿರಲಿಲ್ಲ. ಈಗ ಗಾಜಿನ ಬಾಗಿಲಿನ ಓವನ್, ಒಳಗೆ ದೀಪ ಬೇರೆ. ಬ್ರೆಡ್ ಕೆಡುವುದನ್ನು ಈಗ ಸ್ಪಷ್ಟವಾಗಿ ನೋಡಬಹುದು.

ಇನ್ನು ಕುಂಬಳಕಾಯಿ. ತರಬೇತಿಯ ಮೊದಲ ದಿನ ಯಾರಾದರೂ ಇಡೀ ಕುಂಬಳಕಾಯಿ ಎತ್ತಿಕೊಂಡು ಬಂದು ನನ್ನ ಮೇಜಿನ ಮೇಲಿಟ್ಟು, ಮೇಲೊಂದು ಚಾಕು ಇಟ್ಟು, “ಸರ್, ಮೊದಲನೇ ಏಟು ನೀವು ಹಾಕ್ರಿ” ಎನ್ನುವರು. ನಾನು ಎದ್ದು, ಅಂಗಿಯ ತೋಳು ಮಡಚಿ, ಒಂದೇಟು ಹಾಕುವೆ. ಅಲ್ಲಿಂದ ಮುಂದೆ ಅವರು ಹೆಚ್ಚಿಕೊಳ್ಳುವರು. ಪರೀಕ್ಷೆಯ ದಿನವೂ ಇದೇ ಪದ್ಧತಿ. ಗುರುವಿಗೆ ಸಲ್ಲಿಸುವ ಗೌರವವೆಂದೇ ನಾನು ತಿಳಿದಿದ್ದೆ. ಒಂದು ತರಹದ ಉದ್ಘಾಟನೆ. ಇದು ಮನಸ್ಸಿಗೆ ಹಿತವಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ನಾನು ಚಿಕ್ಕವನಿದ್ದಾಗಲೇ ತಾಯಿ ಹೋದಳು. ಮನೆಯಲ್ಲಿ ಅಡಿಗೆ ಅಪ್ಪನದೇ. ಕುಂಬಳಕಾಯಿಯನ್ನು ಯಾರು ಕೊಯ್ಯಬೇಕೆಂಬ ಪ್ರಶ್ನೆ ನಮ್ಮಲ್ಲಿ ಹುಟ್ಟುವ ಸಂದರ್ಭವೇ ಇರಲಿಲ್ಲ. ದೊಡ್ಡವನಾದ ಮೇಲೆ ಮದುವೆಯನ್ನೂ ಆಗಲಿಲ್ಲ.

ನಡುವೆ ಒಮ್ಮೆ, ಪರೀಕ್ಷೆಗೆ ಬಂದ ಹುಡುಗಿಯೊಬ್ಬಳು ಹಿಟ್ಟು ಕಲಸುವಾಗ ಚಮಚ ಹಿಡಿಯುವ ರೀತಿ ನೋಡಿ ಅನುಮಾನ ಬಂತು. ವಿಚಾರಿಸಿದರೆ, ತರಬೇತಿಯ ಉದ್ದಕ್ಕೂ ಬ್ರೆಡ್ ಮಾಡಿದವಳು ಅವಳ ಅಕ್ಕ. ತಂಗಿ ಪಕ್ಕದಲ್ಲಿ ನಿಂತು ಹಾಜರಿ ಹಾಕಿಸಿಕೊಂಡಿದ್ದಳು. ನನಗೆ ಧರ್ಮಸಂರಕ್ಷಣೆಯ ಉತ್ಸಾಹ ಉಕ್ಕಿತು. ಅಂದೇ ಕುಳಿತು ಕೈಪಿಡಿಗೆ ಹನ್ನೊಂದನೆಯ ನಿಯಮ ಬರೆದು ಸೇರಿಸಿದೆ: ‘ಪರೀಕ್ಷಾರ್ಥಿಯು ತರಕಾರಿಯನ್ನು ಇಡಿಯಾಗಿಯೇ ಇರಿಸಿಕೊಂಡು, ಪರೀಕ್ಷಕರ ಕಣ್ಣೆದುರು, ಅನ್ಯರ ಸಹಾಯವಿಲ್ಲದೆ ಸ್ವತಃ ಕತ್ತರಿಸತಕ್ಕದ್ದು. ಪರೀಕ್ಷಕರು ಸಾಮಗ್ರಿಯನ್ನು ಮುಟ್ಟತಕ್ಕದ್ದಲ್ಲ.’ ಬರೆದು, ಕೆಳಗೆ ಗೆರೆ ಎಳೆದು, ಮರುದಿನ ಹೋಗಿ ಎಂದಿನಂತೆ ಕುಂಬಳಕಾಯಿಗೆ ಮೊದಲ ಏಟು ಹಾಕಿದೆ. ಉದ್ಘಾಟನೆಯನ್ನು ಯಾರು ತಾನೇ ಪರೀಕ್ಷೆಯ ಭಾಗವೆಂದು ಎಣಿಸುತ್ತಾರೆ.

ಈಗ ರೇಣುಕಾಳ ವಿಷಯ. ಹದಡಿಯ ಹೆಣ್ಣುಮಗಳು, ಮದುವೆಯಾಗಿ ದಾವಣಗೆರೆಯ ದೇವರಾಜ ಅರಸು ಬಡಾವಣೆಗೆ ಬಂದವಳು. ಗಂಡ ಬಸವರಾಜ ಹರಿಹರದ ಕಾರ್ಖಾನೆಯೊಂದರಲ್ಲಿ ಕಬ್ಬಿಣ ಕಡೆಯುವ ಲೇಥ್ ಮಿಷನ್ನಿನ ಮುಂದೆ ನಿಲ್ಲುವವನು. ಅತ್ತೆ ಕೊಟ್ರಮ್ಮ. ಸೊಸೆ ತರಬೇತಿಗೆ ಸೇರಲಿ ಎಂದು ಅರ್ಜಿ ಫಾರಂ ತೆಗೆದುಕೊಂಡು ಹೋಗಲು ಬಸ್ಸು ಹತ್ತಿ ನಮ್ಮ ಕೇಂದ್ರಕ್ಕೆ ಬಂದದ್ದು ಈ ಕೊಟ್ರಮ್ಮನೇ. ಇದನ್ನು ನೆನಪಿಡಬೇಕು, ಮುಂದೆ ಆಕೆಯ ಮೇಲೆ ಸಿಟ್ಟು ಬರುವ ಸಾಧ್ಯತೆಯಿದೆ.

ನನ್ನ ನಿವೃತ್ತಿ ಆ ತಿಂಗಳ ಕೊನೆಗೆ. ನನ್ನ ಜಾಗಕ್ಕೆ ಅರ್ಹರೊಬ್ಬರು ಅಂದೇ ಬಂದು ಕೂರದಿದ್ದರೆ ಹುದ್ದೆ ರದ್ದು, ಹುದ್ದೆ ರದ್ದಾದರೆ ಕೇಂದ್ರ ಬಂದ್, ಓವನ್ನುಗಳು ಉಗ್ರಾಣಕ್ಕೆ. ಅರ್ಜಿ ಹಾಕಿದವಳು ರೇಣುಕಾ ಒಬ್ಬಳೇ. ಶಿಕ್ಷಕಿಯಾಗಲು ಒಂದು ಪರೀಕ್ಷೆ ಉಳಿದಿತ್ತು: ಹೊಸ ನಿಯಮದಂತೆ ಅದು ಅವಳ ಸ್ವಂತ ಮನೆಯಲ್ಲಿ, ಸ್ವಂತ ಓವನ್ನಿನಲ್ಲಿ. ಕೊನೆಗೆ ಮನೆಯ ಹಿರಿಯರೊಬ್ಬರು ಎಲ್ಲವೂ ನಿಯಮದಂತೆ ನಡೆಯಿತೆಂದು ಸಹಿ ಹಾಕಬೇಕು. ಪರೀಕ್ಷಕ ನಾನು. ಮೇಲ್ವಿಚಾರಣೆಗೆ ಮೈಸೂರು ಕಡೆಯಿಂದ ಹೊಸದಾಗಿ ಬಂದಿದ್ದ ಅಧಿಕಾರಿ ಮೇಡಂ. ಮೇಡಂಗೆ ಒಂದು ಗಂಟೆಗೆ ಬೇರೆ ಸಭೆ. ಮತ್ತೆ ಅವರು ಸಿಗುವುದು ಮುಂದಿನ ತಿಂಗಳು. ಅಂದರೆ ಆ ದಿನವೇ ಆಗಬೇಕು, ಇಲ್ಲದಿದ್ದರೆ ಇಲ್ಲ.

ಹತ್ತೂವರೆಗೆ ಹೋದೆವು. ಅಡಿಗೆಮನೆ ಪರೀಕ್ಷಾ ಕೊಠಡಿಯಂತೆ ಥಳಥಳಿಸುತ್ತಿತ್ತು. ಬೆಲ್ಲ ಪುಡಿಯಾಗಿ, ಮಸಾಲೆ ಕುಟ್ಟಿ, ಸೋಡಾ ಸಣ್ಣ ಬಟ್ಟಲಲ್ಲಿ, ಮೊಸರು ಬೇರೆ ಪಾತ್ರೆಯಲ್ಲಿ. ಓವನ್ ಇನ್ನೂ ಹಚ್ಚಿರಲಿಲ್ಲ, ಅದೂ ಸರಿಯೇ. ಮೇಡಂ ಗಡಿಯಾರ ನೋಡಿ “ಶುರು ಮಾಡಮ್ಮ” ಎಂದರು. ರೇಣುಕಾ ಒಳಗಿನಿಂದ ಕುಂಬಳಕಾಯಿ ತಂದಳು. ತಂದು ನನ್ನ ಮುಂದೆ ಇಟ್ಟಳು. ಮೇಲೊಂದು ಚಾಕು.

“ಸರ್, ಮೊದಲನೇ ಏಟು ಹಾಕ್ರಿ.”

ನನ್ನ ಕೈ ಎಂದಿನಂತೆ ಮೇಲೆದ್ದಿತು. ಮೇಡಂ ಕೈಯಲ್ಲಿ ಕೈಪಿಡಿಯಿತ್ತು.

“ಅವರು ಮುಟ್ಟುವ ಹಾಗಿಲ್ಲ,” ಎಂದರು ಮೇಡಂ. “ಹನ್ನೊಂದನೆಯ ನಿಯಮ. ನೀನೇ ಕತ್ತರಿಸಬೇಕು.”

“ಹೌದಮ್ಮ,” ಎಂದೆ ನಾನು, ಕೈಯನ್ನು ಜೇಬಿಗೆ ಸೇರಿಸುತ್ತ. “ನಿಯಮ ನಿಯಮ.”

ರೇಣುಕಾ ನನ್ನನ್ನು ನೋಡಿದಳು. ಆ ನೋಟದಲ್ಲಿ ಗೌರವ ಎಂಬುದು ಎಲ್ಲಿಯೂ ಕಾಣಲಿಲ್ಲ. “ಸರ್, ನೀವು ಇರ್ತೀರಲ್ಲ ಅಂತ ನಮ್ಮನೀಯವರ ಕೈಲಿ ಒಡೆಸಿ ಇಡ್ಲಿಲ್ರೀ ನಾನು. ಇಡೀದೇ ಇರಬೇಕು ಅಂತ ನೀವೇ ಹೇಳಿದ್ರಿ. ಬೆಳಿಗ್ಗೆ ಆರಕ್ಕೆ ಡ್ಯೂಟಿಗೆ ಹೋದ್ರು ಅವರು.”

“ಅದಕ್ಕೂ ಇದಕ್ಕೂ ಏನು ಸಂಬಂಧ?” ಎಂದೆ.

ಬಾಗಿಲ ಬಳಿ ಕುಳಿತಿದ್ದ ಕೊಟ್ರಮ್ಮ ಉತ್ತರ ಕೊಟ್ಟಳು. “ಮೇಷ್ಟ್ರೆ, ನಿಮಗೆ ಗೊತ್ತಿಲ್ಲೇನ್ರಿ? ಇಡೀ ಕುಂಬಳಕಾಯಿ ಹೆಂಗಸ್ರು ಒಡೆಯಂಗಿಲ್ಲ. ಗಂಡಸ್ರು ಒಂದೇಟು ಹಾಕಿದ ಮ್ಯಾಲೆ ಎಷ್ಟು ಬೇಕಾದ್ರೂ ಹೆಚ್ಚಬೋದು. ಅದು ಬಲಿ ಇದ್ದಂಗ. ಹೆಂಗಸ್ರ ಕೈಲಿ ಆದ್ರ ಮನೀ ಗಂಡುಮಗಂಗೆ ಕೇಡು ಬರತೈತೆ.”

ಇಪ್ಪತ್ತಾರು ವರ್ಷದ ಗುರುಪೂಜೆ ಹೀಗೆ ಒಂದು ನಿಮಿಷದಲ್ಲಿ ಮುಗಿಯಿತು. ಅವರಿಗೆ ಬೇಕಾಗಿದ್ದದ್ದು ಗುರುವಿನ ಕೈಯಲ್ಲ; ಮೀಸೆಯುಳ್ಳ ಯಾವುದಾದರೂ ಒಂದು ಕೈ. ಜವಾನನಿದ್ದಿದ್ದರೆ ಅವನಿಗೇ ಸಲ್ಲುತ್ತಿತ್ತು. ನಮ್ಮ ಕೇಂದ್ರಕ್ಕೆ ಜವಾನನ ಹುದ್ದೆ ಮಂಜೂರಾಗಿತ್ತು, ಜವಾನ ಮಂಜೂರಾಗಿರಲಿಲ್ಲ.

ನಗು ಬರಬೇಕಾದ ಸಂದರ್ಭ. ಯಾರೂ ನಗಲಿಲ್ಲ. ಕೊಟ್ರಮ್ಮ ಪಕ್ಕದ ಮನೆಯ ರಿಟೈರ್ಡ್ ಡ್ರೈವರನ್ನು ಕರೆಯೋಣವೆಂದಳು. ‘ಅನ್ಯರ ಸಹಾಯವಿಲ್ಲದೆ’ ಎಂದು ಮೇಡಂ ಓದಿದರು. ಬೇರೆ ತರಕಾರಿ ಹಾಕಲೇ ಎಂದು ರೇಣುಕಾ ಕೇಳಿದಳು. ಅರ್ಜಿಯಲ್ಲಿ ಕುಂಬಳ ಎಂದೇ ನಮೂದಾಗಿದೆ ಎಂದು ಮೇಡಂ ತೋರಿಸಿದರು. ನಮೂದು ಮಾಡಿಸಿದವನು ನಾನು. ಆ ಮನೆಯಲ್ಲಿ ಅಂದು ಯಾವ ದಿಕ್ಕಿಗೆ ತಿರುಗಿದರೂ ನನ್ನ ಅಕ್ಷರವೇ ಅಡ್ಡ ಬರುತ್ತಿತ್ತು.

ಮೇಡಂ ಕೆಟ್ಟವರಲ್ಲ. ಕೈಪಿಡಿ ಮುಚ್ಚಿ, ನಿಧಾನವಾಗಿ ಕೇಳಿದರು: “ರೇಣುಕಾ, ನಾನು ನಿಯಮಕ್ಕಾಗಿ ಮಾತ್ರ ಹೇಳ್ತಿಲ್ಲ. ಹರಿಹರದಲ್ಲಿ ಇವರ ಕುರ್ಚಿಯಲ್ಲಿ ನೀನು ಕೂತ ಮೇಲೆ, ಹೆಂಗಸರು ಕುಂಬಳಕಾಯಿ ತಂದು ಯಾರ ಮುಂದೆ ಇಡ್ತಾರೆ?”

ರೇಣುಕಾ ಚಾಕುವನ್ನು ಕಾಯಿಯ ಮೇಲಿಂದ ಎತ್ತಿ ಕೈಯಲ್ಲಿ ಹಿಡಿದುಕೊಂಡಳು.

“ಅಲ್ಲಿ ಬೇರೆ ಗಂಡಸರಿಲ್ಲ. ಇಲ್ಲಿ ಒಡೆಯೋಕೆ ಆಗದಿದ್ದರೆ ಅಲ್ಲೂ ಆಗೋದಿಲ್ಲ. ಹಾಗಿದ್ದ ಮೇಲೆ ನಾನು ಯಾವ ಮುಖದಿಂದ ಸಹಿ ಮಾಡಲಿ?” ಅಷ್ಟರಲ್ಲಿ ಅವರ ಫೋನು ಬಡಿಯಿತು. “ಹನ್ನೊಂದೂಕಾಲು. ಹನ್ನೊಂದೂವರೆ ಒಳಗೆ ಶುರುವಾಗದಿದ್ದರೆ ಬ್ರೆಡ್ ಮುಗಿಯುವ ಹೊತ್ತಿಗೆ ನಾನಿರೋದಿಲ್ಲ,” ಎಂದು ಹೇಳಿ ಮಾತಾಡಲು ಹೊರಗಿನ ಜಗುಲಿಗೆ ಹೋದರು.

ಅಡಿಗೆಮನೆಯಲ್ಲಿ ಮೂವರು ಉಳಿದೆವು, ಮತ್ತು ಆ ಕಾಯಿ.

ರೇಣುಕಾ ಗಂಡನಿಗೆ ಫೋನು ಮಾಡಿದಳು. ರಿಂಗಾಗುತ್ತಲೇ ಇತ್ತು. “ಎತ್ತಲ್ಲ ಅತ್ತಿ. ಡ್ಯೂಟಿ ಒಳಗ ಫೋನು ಲಾಕರಿನಾಗ ಇಡಿಸ್ತಾರ. ಊಟದ ಸೈರನ್ ಆಗಬೇಕು, ಹನ್ನೆರಡೂವರಿಗೆ.”

“ಹಂಗಾರ ಬ್ಯಾಡ,” ಎಂದಳು ಕೊಟ್ರಮ್ಮ. “ನೌಕರಿ ಬ್ಯಾಡ, ಏನೂ ಬ್ಯಾಡ.”

“ಅರ್ಜಿ ತಂದು ಕೊಟ್ಟೋರು ನೀವೇ ಅಲ್ರೀ ಅತ್ತಿ.”

“ತಂದಿದ್ದೆ. ಬ್ರೆಡ್ ಮಾಡ್ತಾಳ, ನಾಲ್ಕು ಮಂದೀಗೆ ಕಲಿಸ್ತಾಳ ಅಂತ ತಂದಿದ್ದೆ. ಇದಕ್ಕಲ್ಲ. ಆಯುಧಪೂಜೆಗೆ ಅವನ ಮಿಷನ್ ಮುಂದ ಕುಂಬಳಕಾಯಿ ಒಡಿತಾರಲ್ಲ, ಯಾರು ಒಡಿತಾರ? ಈಗ ಅದೇ ಮಿಷನ್ ಮುಂದ ನಿಂತಾನ ಅವನು. ಹಿಂದಿನ ವರ್ಷ ಪಕ್ಕದ ಮಿಷನ್ನಿನವನ ಎರಡು ಬೆರಳು ಹೋದ್ವಲ್ಲ, ನೀನೇ ಆಸ್ಪತ್ರಿಗೆ ಹಣ್ಣು ತಗಂಡು ಹೋಗಿದ್ದೆ. ಮರ್ತೇನು?”

ಇದಕ್ಕೆ ಹೇಳಲು ಕೈಪಿಡಿಯಲ್ಲಿ ಏನೂ ಇರಲಿಲ್ಲ. ಮೂಢನಂಬಿಕೆಯ ಬಗ್ಗೆ ನಾಲ್ಕು ಮಾತಾಡುವ ಯೋಗ್ಯತೆ ನನಗಿತ್ತು. ಆದರೆ ಮಗ ಲೇಥ್ ಮುಂದೆ ನಿಂತಿರುವ ತಾಯಿಯ ಎದುರು, ಯಾವ ಮಿಷನ್ನನ್ನೂ ಮುಟ್ಟದ ನಾನು ಅದನ್ನು ಆಡಲಾರದೆ ಹೋದೆ. ರೇಣುಕಾಳೂ ಅದನ್ನು ನಂಬದವಳೇನಲ್ಲ.

ಗಡಿಯಾರದಲ್ಲಿ ಹನ್ನೊಂದು ಇಪ್ಪತ್ನಾಲ್ಕು. ಅವಳು ಓವನ್ನಿನ ಸ್ವಿಚ್ ಒತ್ತಿದಳು. ಓವನ್ ಕಾಯುವುದಕ್ಕೆ ಹತ್ತು ನಿಮಿಷ ಬೇಕು. ಅದನ್ನು ಹಚ್ಚುವುದೆಂದರೆ ಒಂದು ನಿರ್ಧಾರ. ಕೊಟ್ರಮ್ಮ ಅದನ್ನು ನೋಡಿದಳು.

“ಹಚ್ಚಿಯೇ ಬಿಟ್ಟಿ ಅನ್ನು.”

“ಅತ್ತಿ, ಇವತ್ತು ಬಿಟ್ರ ಮುಗೀತು. ಅಲ್ಲಿ ಹದಿನಾಲ್ಕು ಮಂದಿ ಅರ್ಧ ಕಲ್ತು ಕುಂತಾರ. ನನಗೂ ಹೆದರಿಕಿ ಐತೆ. ನಿಮ್ಮ ಮಗ ನನಗೇನು ಹೊರಗಿನೋರೇನು?” ಅವಳು ಕಾಯಿಯನ್ನು ಮಣೆಯ ಮೇಲೆ ನೆಟ್ಟಗಿಟ್ಟು, ಚಾಕುವಿನ ತುದಿಯನ್ನು ತೊಟ್ಟಿನ ಪಕ್ಕ ಊರಿದಳು. ಊರಿ, ಹಾಗೆಯೇ ನಿಂತಳು. ಒತ್ತಲು ಆಗಲಿಲ್ಲ.

ಕೊಟ್ರಮ್ಮ ಎದ್ದಳು. ಚಾಕು ಕಿತ್ತುಕೊಳ್ಳುತ್ತಾಳೆ ಎಂದುಕೊಂಡೆ. ಆಕೆ ಬಂದು ಸೊಸೆಯ ಪಕ್ಕ ನಿಂತು, ಸೊಸೆಯ ಕೈಯ ಮೇಲೆ ತನ್ನ ಕೈ ಇಟ್ಟಳು.

“ಅವನ್ನ ಹೆತ್ತೋಳು ನಾನು. ಬರೋದಿದ್ರ ಮೊದ್ಲು ನನಗ ಕೇಳಿ ಬರ್ಲಿ. ಒತ್ತು.”

ಇಬ್ಬರೂ ಒತ್ತಿದರು. ಚೆನ್ನಾಗಿ ಬಲಿತ ಕಾಯಿ. ಒಂದು ಕ್ಷಣ ತಡೆದು, ಆಮೇಲೆ ಒಮ್ಮೆಗೇ ಎರಡು ಹೋಳಾಯಿತು. ಕೊಟ್ರಮ್ಮ ಆ ಹೋಳುಗಳ ಕಡೆ ನೋಡದೆ, ಸೊಸೆಯ ಫೋನು ತೆಗೆದುಕೊಂಡು, ಹೋಗಿ ಬಾಗಿಲ ಬಳಿ ಕುಳಿತಳು.

ಮೇಡಂ ಒಳಗೆ ಬಂದಾಗ ರೇಣುಕಾ ತುರಿಯುತ್ತಿದ್ದಳು. “ಆಯಿತಾ? ಒಳ್ಳೆಯದು,” ಎಂದು ನನ್ನ ಕಡೆ ತಿರುಗಿದರು. “ತಾನೇ ಕತ್ತರಿಸಿದಳು ತಾನೆ?”

ನಾನು ತಲೆಯಾಡಿಸಿದೆ. ಹೌದು ಎಂಬಂತೆಯೂ ಇಲ್ಲ ಎಂಬಂತೆಯೂ ಅರ್ಥವಾಗುವ ಹಾಗೆ ತಲೆಯಾಡಿಸುವುದು ಸರ್ಕಾರಿ ಸೇವೆಯಲ್ಲಿ ನಾನು ಗಳಿಸಿದ ಏಕೈಕ ಕಲೆ. ನಿಜ ಹೇಳಿದರೆ ನನ್ನದೇ ನಿಯಮದಂತೆ ಅವಳು ಅಲ್ಲಿಯೇ ಅನುತ್ತೀರ್ಣಳು. ಹೇಳದಿದ್ದರೆ ನಾನು ಸುಳ್ಳು ಪರೀಕ್ಷಕ. ಎರಡನೆಯದನ್ನು ಆರಿಸಿಕೊಂಡೆ, ಸಂತೋಷದಿಂದಲ್ಲ.

ತುರಿ, ಬೆಲ್ಲ, ಮಸಾಲೆ, ಹಿಟ್ಟು. ಕೊನೆಗೆ ಮೊಸರು, ಸೋಡಾ. ಅವಳು ಹೆಚ್ಚು ತಿರುವಲಿಲ್ಲ. ಹಿಟ್ಟು ಒಂದಾದ ಕೂಡಲೇ ನಿಲ್ಲಿಸಿದಳು. ದೋಸೆ ಹಿಟ್ಟು ತಿರುವಿ ಬೆಳೆದ ಕೈಗೆ ಆ ನಿಲ್ಲಿಸುವುದೇ ಕಷ್ಟ. ಹನ್ನೊಂದು ನಲವತ್ತಕ್ಕೆ ಟಿನ್ನು ಓವನ್ನಿನೊಳಗೆ ಹೋಯಿತು.

ಇನ್ನು ಐವತ್ತೈದು ನಿಮಿಷ. ಈ ವೃತ್ತಿಯ ಅತಿ ದೀರ್ಘವಾದ ಭಾಗ ಇದೇ. ಕೈಯಿಂದ ಮಾಡಲು ಏನೂ ಇರುವುದಿಲ್ಲ. ಸಾಮಾನ್ಯವಾಗಿ ಎಲ್ಲರೂ ಗಾಜಿನ ಬಾಗಿಲನ್ನು ನೋಡುತ್ತ ಕೂರುತ್ತಾರೆ. ಅಂದು ಆ ಮನೆಯಲ್ಲಿ ಯಾರೂ ಓವನ್ನನ್ನು ನೋಡಲಿಲ್ಲ. ಎಲ್ಲರೂ ನೋಡುತ್ತಿದ್ದದ್ದು ಕೊಟ್ರಮ್ಮನ ಮಡಿಲಲ್ಲಿದ್ದ ಫೋನನ್ನು. ಚಕ್ಕೆ ಲವಂಗದ ಘಮ ಮನೆ ತುಂಬಿತು. ಮೇಡಂ ಒಬ್ಬರೇ ಅದನ್ನು ಹೊಗಳಿದರು. ಉಳಿದವರಿಗೆ ಏಕೋ ಅದು ಪೂಜೆಯ ವಾಸನೆಯಂತೆ ಅನ್ನಿಸಿತು.

ಹನ್ನೆರಡೂವರೆ ಆಯಿತು. ಫೋನು ಬರಲಿಲ್ಲ.

ಹನ್ನೆರಡು ಮೂವತ್ತೈದಕ್ಕೆ ರೇಣುಕಾ ಓವನ್ ತೆರೆದು ಕಡ್ಡಿ ಚುಚ್ಚಿದಳು. ಕಡ್ಡಿ ಬಹುಮಟ್ಟಿಗೆ ಒಣಗಿ ಬಂತು. ಬ್ರೆಡ್ ಚೆನ್ನಾಗಿ ಉಬ್ಬಿ, ನೆತ್ತಿಯ ಮೇಲೆ ಉದ್ದಕ್ಕೆ ಸೀಳಿತ್ತು, ಸೀಳಬೇಕಾದಂತೆಯೇ. ಇನ್ನೂ ಎರಡು ನಿಮಿಷ ಬೇಕಿತ್ತೇನೋ. ಅವಳ ಕಣ್ಣು ಬಾಗಿಲ ಕಡೆಗಿತ್ತು, ಹೊರಗೆ ತೆಗೆದುಬಿಟ್ಟಳು.

“ಚೆನ್ನಾಗಿ ಬಂದಿದೆ,” ಎಂದು ಮೇಡಂ ಫಾರಂ ತೆಗೆದು ಕೊಟ್ರಮ್ಮನಿಗೆ ಚಾಚಿದರು. “ಅಜ್ಜಿ, ಇಲ್ಲೊಂದು ಸಹಿ ಹಾಕಿ. ನಾನು ಹೊರಡಬೇಕು.”

“ನನ್ನ ಮಗ ಮಾತಾಡ್ಲಿ. ಆಮ್ಯಾಲೆ ಹಾಕ್ತೀನಿ.”

“ಅವರ ಒಪ್ಪಿಗೆ ಬೇಕಾಗಿಲ್ಲ ಅಜ್ಜಿ.”

“ಒಪ್ಪಿಗಿ ಅಲ್ರೀ ತಾಯಿ. ದನಿ ಬೇಕು.”

ಮೇಡಂಗೆ ಪೂರ್ತಿ ಅರ್ಥವಾಗಲಿಲ್ಲ, ಆದರೆ ಆ ಮುಖ ನೋಡಿ ಮತ್ತೆ ಕೇಳಲಿಲ್ಲ. ರೇಣುಕಾ ಫೋನು ತೆಗೆದುಕೊಂಡು ತಾನೇ ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು. ಹನ್ನೆರಡು ನಲವತ್ತು. ನಲವತ್ತನಾಲ್ಕು. ಸೈರನ್ನಾಗಿ ಹದಿನಾಲ್ಕು ನಿಮಿಷ. ಲಾಕರಿನಿಂದ ಫೋನು ತೆಗೆಯಲು ಎಷ್ಟು ಹೊತ್ತು ಬೇಕು ಎಂದು ನಾನು ಲೆಕ್ಕ ಹಾಕತೊಡಗಿದೆ. ಕುಂಬಳಕಾಯಿಗೂ ಲೇಥಿಗೂ ಸಂಬಂಧವಿಲ್ಲವೆಂದು ನನಗೆ ಗೊತ್ತು. ಆದರೂ ಲೆಕ್ಕ ಬಿಡಲಿಲ್ಲ. ಮಣೆಯ ಮೇಲೆ ಬ್ರೆಡ್ ಆರುತ್ತಿತ್ತು, ಯಾರಿಗೂ ಬೇಡವಾಗಿ.

ಹನ್ನೆರಡು ಐವತ್ತೊಂದಕ್ಕೆ ಫೋನು ಬಡಿಯಿತು. ಕೊಟ್ರಮ್ಮ ಅದನ್ನು ಸೊಸೆಯ ಕೈಯಿಂದ ತೆಗೆದುಕೊಂಡು ಕಿವಿಗಿಟ್ಟಳು. ಆ ಕಡೆಯ ದನಿ ನಮಗೂ ಕೇಳಿಸುವಷ್ಟು ಜೋರಾಗಿತ್ತು. ಮಿಷನ್ನುಗಳ ನಡುವೆ ಇರುವವರು ಹಾಗೆಯೇ ಮಾತಾಡುತ್ತಾರೆ.

“ಏನವ್ವಾ, ಎಷ್ಟು ಸಲ ಮಾಡ್ತೀರಿ? ಇವತ್ತು ಕ್ಯಾಂಟೀನಿನಾಗ ಹೋಳಿಗಿ ಐತೆ, ಸಾಲು ಗೇಟಿನ ತನಕ ಬಂದಿತ್ತು.”

ಕೊಟ್ರಮ್ಮ ಫೋನನ್ನು ಎರಡೂ ಕೈಗಳಿಂದ ಹಿಡಿದುಕೊಂಡಳು. “ಉಂಡೇನಪ?”

“ಉಣ್ಣಾಕತ್ತೀನಿ. ಯಾಕ? ಅವಳದು ಪಾಸಾತೇನು?”

“ಉಣ್ಣು. ಕೈ ತೊಳಕಂಡು ನಿಧಾನಕ ಉಣ್ಣು,” ಎಂದು ಆಕೆ ಫೋನು ಸೊಸೆಗೆ ಕೊಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡು, ನನ್ನ ಕಡೆ ನೋಡಿ, “ಏನು ಬರ್ದೈತೆ, ಓದ್ರಿ ಮೇಷ್ಟ್ರೆ. ಓದದೆ ಸಹಿ ಹಾಕಲ್ಲ ನಾನು,” ಎಂದಳು.

ಓದಿದೆ. ನಾನೇ ಬರೆದದ್ದು, ಕಂಠಪಾಠವಾಗಿತ್ತು. ‘ಅನ್ಯರ ಸಹಾಯವಿಲ್ಲದೆ’ ಎಂಬಲ್ಲಿ ನನ್ನ ದನಿ ಕೊಂಚ ವೇಗ ಪಡೆದುಕೊಂಡಿತು.

“ನಿಲ್ರಿ. ಅದು ಸುಳ್ಳಲ್ರೀ. ನಾ ಕೈ ಹಚ್ಚೀನಲ್ಲ. ನೀವು ಇಲ್ಲೇ ನಿಂತು ನೋಡಿದ್ರಿ.”

ರೇಣುಕಾ ಫೋನು ಕೆಳಗಿಳಿಸಿದಳು. ಮೇಡಂ ನನ್ನನ್ನು ನೋಡಿದರು. ತಲೆಯಾಡಿಸುವ ಕಲೆಗೆ ಅಲ್ಲಿ ಅವಕಾಶವಿರಲಿಲ್ಲ.

“ಹೌದಾ?”

“ಹೌದು ಮೇಡಂ. ಕೈಯ ಮೇಲೆ ಕೈ ಇಟ್ಟರು.”

“ಹಾಗಿದ್ದರೆ ನೀವು ನನಗೆ...”

“ಸುಳ್ಳು ಹೇಳಿದೆ ಮೇಡಂ. ಇನ್ನೂ ಒಂದಿದೆ.” ಒಮ್ಮೆ ಬಾಯಿ ತೆರೆದ ಮೇಲೆ ನಿಲ್ಲಿಸುವುದು ಸುಲಭವಲ್ಲ. “ಹರಿಹರದಲ್ಲಿ ಪ್ರತಿಯೊಂದು ಪರೀಕ್ಷೆಯಲ್ಲೂ ಕುಂಬಳಕಾಯಿಗೆ ಮೊದಲ ಏಟು ಹಾಕಿದವನು ನಾನು. ಹಾಕಿ, ‘ಅನ್ಯರ ಸಹಾಯವಿಲ್ಲದೆ’ ಎಂಬುದರ ಕೆಳಗೆ ಸಹಿಯನ್ನೂ ನಾನೇ ಹಾಕಿದ್ದೇನೆ. ಈ ಅಜ್ಜಿಯ ಕೈ ಸಹಾಯವಾದರೆ ನನ್ನ ಕೈಯೂ ಸಹಾಯವೇ. ಇವಳು ಫೇಲಾದರೆ ಅವರೆಲ್ಲರೂ ಫೇಲು. ನಾನು ಕೊಟ್ಟ ಪ್ರಮಾಣಪತ್ರಗಳಲ್ಲಿ ಒಂದೂ ನಿಲ್ಲುವುದಿಲ್ಲ.”

ನಿವೃತ್ತಿಗೆ ಒಂದು ವಾರ ಉಳಿದಿರುವಾಗ ಯಾರೂ ಆಡಬಾರದ ಮಾತು ಅದು. ಹೊಸಬರು ಗಮನಿಸಬೇಕು.

ಮೇಡಂ ಕುರ್ಚಿ ಎಳೆದು ಕುಳಿತರು. ಒಂದು ಗಂಟೆಯ ಸಭೆ ಅವರಿಗೆ ಮರೆತಂತಿತ್ತು. “ಅವರೆಲ್ಲ ಈಗ ಏನು ಮಾಡ್ತಿದ್ದಾರೆ?” ಎಂದು ಕೇಳಿದರು.

“ಬ್ರೆಡ್ ಮಾಡ್ತಿದ್ದಾರೆ ಮೇಡಂ. ವಿದ್ಯಾನಗರದ ಹಾಸ್ಟೆಲ್ಲುಗಳಿಗೆ ಕೆಲವರು ಕಳಿಸ್ತಾರೆ. ಉಳಿದವರು ಮನೆ ಮಟ್ಟಿಗೆ.”

“ಬ್ರೆಡ್ ಸರಿಯಿರುತ್ತಾ?”

“ಬಹುಪಾಲು.”

ಮೇಡಂ ಕೊಟ್ರಮ್ಮನನ್ನು ನೋಡಿದರು, ರೇಣುಕಾಳನ್ನು ನೋಡಿದರು. ಬ್ಯಾಗಿನಿಂದ ಪೆನ್ನು ತೆಗೆದು, ಫಾರಂನಲ್ಲಿ ‘ಅನ್ಯರ ಸಹಾಯವಿಲ್ಲದೆ’ ಎಂಬ ಎರಡು ಶಬ್ದಗಳ ಮೇಲೆ ನೇರವಾಗಿ ಒಂದು ಗೆರೆ ಎಳೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದರು. “ಇಲ್ಲಿ ನೀವೂ ಹಾಕಿ,” ಎಂದರು. ಹಾಕಿದೆ. “ಈಗ ಸುಳ್ಳು ಇದೆಯಾ ಅಜ್ಜಿ?”

“ಈಗಿಲ್ಲ,” ಎಂದು ಕೊಟ್ರಮ್ಮ ಪೆನ್ನು ತೆಗೆದುಕೊಂಡಳು. ಆಕೆಯ ಸಹಿ ಎಷ್ಟು ನಿಧಾನವಾಗಿತ್ತೆಂದರೆ ಮೇಡಂ ಅಷ್ಟರಲ್ಲಿ ಒಂದು ತುಂಡು ಬ್ರೆಡ್ ತಿಂದು ಮುಗಿಸಿದರು.

ಅಂಕ ಹಾಕುವ ಕೆಲಸ ನನ್ನದು. ಹತ್ತಕ್ಕೆ ಎಂಟು ಹಾಕಿದೆ.

“ಎರಡು ಯಾಕ ಕಡಿಮಿ?” ಎಂದಳು ಕೊಟ್ರಮ್ಮ, ಹೆಗಲ ಮೇಲಿಂದ ಇಣುಕಿ.

“ತಳ ಸ್ವಲ್ಪ ಹಸಿ ಉಳಿದೈತಮ್ಮ. ಇನ್ನೆರಡು ನಿಮಿಷ ಬಿಡಬೇಕಿತ್ತು.”

“ನನ್ನ ಮಗ ಹೋಳಿಗಿ ಸಾಲಿನಾಗ ನಿಂತಿದ್ದಕ್ಕ ನನ್ನ ಸೊಸಿ ನಂಬರು ಕಡೀತೀರೇನು?”

ನಾನು ಅಂಕ ಬದಲಾಯಿಸಲಿಲ್ಲ. ಇಡೀ ದಿನದಲ್ಲಿ ನಾನು ನೆಟ್ಟಗೆ ಮಾಡಿದ ಕೆಲಸ ಅದೊಂದೇ, ಅದನ್ನಾದರೂ ಉಳಿಸಿಕೊಳ್ಳಬೇಕೆನಿಸಿತು.

ತಿಂಗಳ ಕೊನೆಯ ದಿನ ರೇಣುಕಾ ಬಂದು ಆ ಕೈಗಳುಳ್ಳ ಕುರ್ಚಿಯಲ್ಲಿ ಕುಳಿತಳು. ಮುಂದಿನ ಕೈಪಿಡಿಯಲ್ಲಿ ಹನ್ನೊಂದನೆಯ ನಿಯಮದಿಂದ ಎರಡು ಶಬ್ದ ಬಿಟ್ಟುಹೋಗಿವೆ. ಅಚ್ಚಿನ ತಪ್ಪೆಂದು ಹಲವರು ತಿಳಿದಿದ್ದಾರೆ. ಕಳೆದ ಬಾರಿ ಹರಿಹರಕ್ಕೆ ಹೋಗಿದ್ದಾಗ ಹೊಸ ತಂಡದ ಮೊದಲ ದಿನವಿತ್ತು. ಒಬ್ಬಳು ಇಡೀ ಕುಂಬಳಕಾಯಿ ತಂದಳು. ನನ್ನನ್ನು ಕಂಡು, ಮನೆಯ ಅಭ್ಯಾಸಬಲದಿಂದ, ಅದನ್ನು ನನ್ನ ಕಡೆ ತಿರುಗಿಸಿದಳು. ರೇಣುಕಾ “ಅವರು ಕೂಡ್ಲಿ ಬಿಡು” ಎಂದು ಅದನ್ನು ಮಣೆಯ ಮೇಲೆ ಇಡಿಸಿದಳು. ತಂದವಳು ಚಾಕು ಊರಿದಳು. ಅವಳ ಮನೆಯಲ್ಲಿ ಯಾರಿದ್ದರೋ, ಊರಿ ಹಾಗೆಯೇ ನಿಂತಳು. ಪಕ್ಕದವಳು ಏನೂ ಮಾತಾಡದೆ ಅವಳ ಕೈಯ ಮೇಲೆ ತನ್ನ ಕೈ ಇಟ್ಟಳು. ಅದರ ಮೇಲೆ ಇನ್ನೊಬ್ಬಳು. ಅಲ್ಲೀಗ ಅದೇ ಪದ್ಧತಿ. ನಾನು ಕಂಡ ವಿಧಾನ ಬದಲಾವಣೆಗಳಲ್ಲಿ ನಾನು ಕಾರಣನಲ್ಲದ್ದು ಇದೊಂದೇ, ಕೆಡದೆ ಉಳಿದದ್ದೂ ಇದೊಂದೇ.

ನೀವು ಈ ಕೆಲಸಕ್ಕೆ ಸೇರಿ, ಯಾರಾದರೂ ಇಡೀ ಕಾಯಿಯೊಂದನ್ನು ನಿಮ್ಮ ಮುಂದೆ ತಂದಿಟ್ಟರೆ ಚಾಕು ತೆಗೆದುಕೊಳ್ಳಬೇಡಿ. ಮೊದಲು ಅವರ ಮನೆಯಲ್ಲಿ ಯಾರು ಎಲ್ಲಿ ಕೆಲಸಕ್ಕೆ ಹೋಗಿದ್ದಾರೆಂದು ಕೇಳಿ.